ಒಂದೇ ಹೆಸರು, ಬೇರೆ ಸತ್ತ್ವ

ಒಂದೇ ಗದ್ದೆಯ ಭತ್ತದಲ್ಲಿಯೂ ಎಲ್ಲ ಕಾಳುಗಳು ಸಮನಾಗಿ ತುಂಬಿರುವುದಿಲ್ಲವೆಂಬುದನ್ನು ವಾಚಕರು ಬಲ್ಲರು. ಗಣಕಯಂತ್ರದ ಮಿದುಳೆನಿಸಿದ ಪ್ರೊಸೆಸರಿಗೂ ಇದೇ ನ್ಯಾಯವು ಸಲ್ಲುವುದು. 2007ರಲ್ಲಿ ಇಂಟೆಲ್ ಸಂಸ್ಥೆಯು ಕೋರ್ 2 ಕ್ವಾಡ್ ಕ್ಯೂ6600 ಎಂಬುದನ್ನು ಮೊದಲು ಬಿ3 ಎಂಬ ಆವೃತ್ತಿಯಲ್ಲಿಯೂ, ಬಳಿಕ ಜಿ0 ಎಂಬ ಪರಿಷ್ಕರಣದಲ್ಲಿಯೂ ಹೊರತಂದಿತು. ಹೆಸರೂ 2.4 ಗಿಗಾಹರ್ಟ್ಸ್ ವೇಗವೂ ಒಂದೇ; ಶಾಖದ ಪ್ರಮಾಣ ಮಾತ್ರ 105 ವಾಟಿನಿಂದ 95ಕ್ಕೆ ಇಳಿಯಿತು. ಆದುದರಿಂದ ನಿಗದಿಯಾದ ವೇಗವನ್ನು ಮೀರಿ ಓಡಿಸುವ ಓವರ್‌ಕ್ಲಾಕಿಂಗಿಗೆ ಜಿ0 ಹೆಚ್ಚು ಒದಗಿತು, ಹಲವು 3.6ರವರೆಗೂ ಏರಿದವು. ಆದರೂ ಸಿಲಿಕಾನಿನ ಸೂಕ್ಷ್ಮ ವ್ಯತ್ಯಾಸದಿಂದ, ಒಂದು ಬ್ಯಾಚಿನದು ತಾಳಿದ ವೇಗವನ್ನು ಇನ್ನೊಂದರದು ತಾಳದು. ನನ್ನ ಮೊಮ್ಮಗನು ಗೆಳೆಯನ ಯಂತ್ರದ ವೇಗವನ್ನೇ ತನ್ನದಕ್ಕೂ ಹೇರಿದನು. ಅದು ಮತ್ತೆ ಮತ್ತೆ ಸ್ತಬ್ಧವಾಯಿತು. ತುಸು ತಗ್ಗಿಸಲು, ವರ್ಷಗಟ್ಟಲೆ ನಿರ್ವಿಘ್ನವಾಗಿ ಓಡಿತು. ನೆರೆಮನೆಯ ಬಾಲಕನ ಅಂಕವನ್ನು ತಮ್ಮ ಮಗನ ಮೇಲೆ ಹೇರುವ ತಂದೆಯರನ್ನು ಶಾಲೆಯಲ್ಲಿ ಬಹಳ ಕಂಡಿದ್ದೇನೆ. ತಗ್ಗಿಸಿ ನೋಡಿದವರು ವಿರಳ.