ಟೆಲಿಕ್ಸಾ, ಪ್ರೋಕಾಮಾ?

ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಆದರೆ ಹಿರಿಯೂರಿನ ನಮ್ಮನೆಯಿಂದ ಬೆಂಗಳೂರಿಗೆ ಎಸ್‌ಟಿಡಿ ಹಾಕಿಯೇ ಮೋಡೆಮ್ ಸೇರಿಸಬೇಕಿತ್ತು. “ಇನ್ನೊಂದ್ಸಲ ಇಷ್ಟು ಬಿಲ್ ಬಂದ್ರೆ ಫೋನೇ ತೆಗೆಸ್ತೀನಿ” ಅಂದರು ಅಪ್ಪ. ಹಾಗಾಗಿ ಯಾವ ಪ್ರೋಗ್ರಾಂ ಅನ್ನೋದು ದುಡ್ಡಿನ ಪ್ರಶ್ನೆಯಾಯ್ತು.

ಪ್ರೋಕಾಮ್, ಟೆಲಿಕ್ಸ್ ಎರಡೂ ಶೇರ್‌ವೇರ್: ಮೊದಲು ಬಳಸಿ ನೋಡು, ಹಿಡಿಸಿದ್ರೆ ಹಣ ಕಳಿಸು. 2400 ಬಿಪಿಎಸ್‌ನಲ್ಲಿ 300 ಕೆಬಿ ಫೈಲ್ ಇಳಿಯೋಕೆ 20 ನಿಮಿಷಕ್ಕೂ ಹೆಚ್ಚು ಬೇಕು. 18ನೇ ನಿಮಿಷಕ್ಕೆ ಲೈನ್ ಕಟ್ಟಾದ್ರೆ, ಎಕ್ಸ್‌ಮೋಡೆಮ್ ವಿಧಾನದಲ್ಲಿ ಮತ್ತೆ ಮೊದಲಿಂದ ಶುರು. ಝಡ್‌ಮೋಡೆಮ್ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಶೇರ್‌ವೇರ್ ಪ್ರೋಕಾಮ್‌ನೊಳಗೆ ಅದಿರಲಿಲ್ಲ, ಟೆಲಿಕ್ಸ್‌ನಲ್ಲಿತ್ತು. ನಾನು ಟೆಲಿಕ್ಸ್ ಉಳಿಸಿಕೊಂಡೆ, ಮನೆಯಲ್ಲಿ ಫೋನೂ ಉಳೀತು.

ಈಗ ನಿಮ್ಮ ಮೊಬೈಲಲ್ಲಿ ಅರ್ಧಕ್ಕೆ ನಿಂತ ಡೌನ್‌ಲೋಡ್ ತಾನಾಗೇ ಮುಂದುವರಿದಾಗ ಯಾರೂ ಗಮನಿಸಲ್ಲ. ನಮಗೆ ಮಾತ್ರ ಅದು ಉಳಿತಾಯದ ಲೆಕ್ಕ.