ಯಾರಿಗೂ ಏನೂ ಆಗಲಿಲ್ಲ

ನಲವತ್ತೇಳನೇ ವಯಸ್ಸಿನಲ್ಲಿ ಅಂಚೆ ತೆರಪಿನಲ್ಲಿ ಇಂಗ್ಲಿಷ್ ಎಂ.ಎ.ಗೆ ಸೇರಿದಾಗ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಪುಣೆಯ ಈ ಫ್ಲ್ಯಾಟಿನಲ್ಲಿ ರಾತ್ರಿ ಊಟವಾದ ಮೇಲೆ ಡೈನಿಂಗ್ ಟೇಬಲ್ಲೇ ನನ್ನ ಓದುವ ಕೋಣೆ. ಅಮೆರಿಕನ್ ಸಾಹಿತ್ಯಕ್ಕೆ ಬಂದ ಅಸೈನ್‌ಮೆಂಟ್ ಹೀಗಿತ್ತು: ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಕಾದಂಬರಿಯಲ್ಲಿ ವಿಡಂಬನೆ ಮತ್ತು ವಾಸ್ತವವಾದ.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಕುಡುಕ ಅಪ್ಪನಿಂದ ತಪ್ಪಿಸಿಕೊಂಡ ಹುಡುಗ ಹಕ್, ಎಲ್ಲಿ ದೂರದ ಊರಿಗೆ ಮಾರಿಬಿಡುತ್ತಾರೋ ಎಂದು ಓಡಿಬಂದ ಗುಲಾಮ ಜಿಮ್, ಒಂದು ತೆಪ್ಪ, ಮಿಸಿಸಿಪ್ಪಿ ನದಿ. ಪುಸ್ತಕ ಅಮೆರಿಕದಲ್ಲಿ ಹೊರಬಂದದ್ದು 1885ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಗುಲಾಮಗಿರಿ ರದ್ದಾಗಿ 20 ವರ್ಷವಾಗಿತ್ತು. ಕಾನೂನು ಹೋದ ಮೇಲೂ ಟ್ವೇನ್ ಯಾಕೆ ಅದನ್ನೇ ಹಿಡಿದು ಕೂತ ಎಂಬ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ.

ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿದ್ದೆ. ಎಡಕ್ಕೆ ವಿಡಂಬನೆ: ತಲೆತಲಾಂತರದ ಹಗೆಯ ಎರಡು ಮನೆತನಗಳು ಚರ್ಚಿಗೆ ಬಂದೂಕು ಸಮೇತ ಬಂದು ಕೂತು, ಸೋದರಪ್ರೇಮದ ಮೇಲಿನ ಪ್ರವಚನ ಕೇಳಿ, ಎಷ್ಟು ಚೆನ್ನಾಗಿತ್ತು ಎಂದು ಹೊಗಳುತ್ತಾ ಮನೆಗೆ ಹೋಗುತ್ತವೆ. ಅಕ್ಷರ ಬಾರದ ಹಕ್‌ನ ಅಪ್ಪ, ಹಲವು ಭಾಷೆ ಬಲ್ಲ ಕರಿಯ ಪ್ರೊಫೆಸರನಿಗೂ ವೋಟಿದೆಯಂತೆ ಎಂದು ಸರ್ಕಾರವನ್ನು ಬೈಯುತ್ತಾನೆ. ಬಲಕ್ಕೆ ವಾಸ್ತವ: ನದಿಯ ಮಂಜು, ಮೀನು ಹಿಡಿಯುವುದು, ಸೀಮೆ ಸೀಮೆಗೂ ಬದಲಾಗುವ ಆಡುಮಾತು. ಹೇಳಿದ ಮಾತು ಕೇಳಲಿಲ್ಲ ಎಂದು ಪುಟ್ಟ ಮಗಳಿಗೆ ಹೊಡೆದ ಜಿಮ್, ಜ್ವರ ಬಂದು ಅವಳಿಗೆ ಕಿವಿಯೇ ಕೇಳದಂತಾಗಿದೆ ಎಂದು ಆಮೇಲೆ ತಿಳಿದು ಅಳುವುದು. ಎರಡೂ ಕಾಲಂ ತುಂಬಿದವು. ಉತ್ತರ ಅರ್ಧ ಬರೆದಂತೆಯೇ ಆಯಿತು ಎಂದುಕೊಂಡೆ.

ಅದೇ ವಾರ ನಮ್ಮ ಸೊಸೈಟಿಯಲ್ಲಿ ಬಣ್ಣ ಹೊಡೆಯಲು ಕಟ್ಟಿದ್ದ ಸಾರುವೆ ಕುಸಿಯಿತು. ಸಂಜೆ ಶಿವಮೊಗ್ಗದಿಂದ ಅಮ್ಮನ ಫೋನ್ ಬಂದಾಗ ಹೇಳಿದೆ.

“ಅಯ್ಯೋ! ಯಾರಿಗಾದ್ರೂ ಏನಾದ್ರೂ ಆಯ್ತೇನೋ?”

“ಇಲ್ಲಮ್ಮ, ಯಾರಿಗೂ ಏನೂ ಆಗ್ಲಿಲ್ಲ. ಕೆಲಸದವನೊಬ್ಬ ಬಿದ್ದ ಅಷ್ಟೆ.”

“ಸದ್ಯ. ಮಕ್ಕಳು ಅಲ್ಲೇ ಆಡ್ತಿರ್ತಾವೆ, ದೇವರು ದೊಡ್ಡವನು.”

ರಾತ್ರಿ ಓದಲು ಕೂತೆ. 32ನೇ ಅಧ್ಯಾಯ. ಹಕ್ ಒಂದು ತೋಟದ ಮನೆಗೆ ಬರುತ್ತಾನೆ. ಸ್ಯಾಲಿ ಅತ್ತೆ ಅವನನ್ನು ಬರಬೇಕಿದ್ದ ನೆಂಟರ ಹುಡುಗನೆಂದು ತಿಳಿದು, ಯಾಕಪ್ಪ ತಡ ಎಂದು ಕೇಳುತ್ತಾಳೆ. ಹಡಗಿನ ಎಂಜಿನ್ ಸಿಡಿಯಿತೆಂದು ಇವನು ಸುಳ್ಳು ಹೇಳುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದರೆ, ಇಲ್ಲವೆನ್ನುತ್ತಾನೆ. ಒಬ್ಬ ಕರಿಯ ಸತ್ತನೆಂದು ಅದೇ ಉಸಿರಿನಲ್ಲಿ ಸೇರಿಸುತ್ತಾನೆ. ಅತ್ತೆಗೆ ಸಮಾಧಾನ. ಕೆಲವೊಮ್ಮೆ ಜನಕ್ಕೆ ಪೆಟ್ಟಾಗುವುದೂ ಉಂಟಲ್ಲ ಎನ್ನುತ್ತಾಳೆ. ಹಿಂದೊಮ್ಮೆ ಹೀಗೇ ಊನನಾಗಿ ಸತ್ತ ಬಿಳಿಯನೊಬ್ಬನನ್ನು ನೆನೆಯುತ್ತಾಳೆ. ಅವನು ಬ್ಯಾಪ್ಟಿಸ್ಟ್ ಪಂಗಡದವನೆಂಬುದೂ ಅವಳಿಗೆ ನೆನಪಿದೆ.

ಪುಸ್ತಕ ಮುಚ್ಚಿದೆ. ನನ್ನ ಮಾತು, ಅಮ್ಮನ ಮಾತು, ಅದೇ ಕ್ರಮದಲ್ಲಿ ಅಲ್ಲಿದ್ದವು. ಸ್ಯಾಲಿ ಅತ್ತೆ ಕೆಟ್ಟವಳಲ್ಲ, ಅಕ್ಕರೆಯ ಹೆಂಗಸು. ನನ್ನ ಅಮ್ಮನೂ ಅಷ್ಟೆ. ಇದನ್ನು ಯಾವ ಕಾಲಂಗೆ ಹಾಕಲಿ? ಇಲ್ಲಿ ಉತ್ಪ್ರೇಕ್ಷೆಯೇ ಇಲ್ಲ. ಜನ ಆಡುವ ಮಾತನ್ನು ಟ್ವೇನ್ ಇದ್ದ ಹಾಗೆ ಬರೆದುಕೊಂಡಿದ್ದಾನೆ, ವಿಡಂಬನೆ ತಾನಾಗಿಯೇ ಆಗಿದೆ.

ಇನ್ನೂ ಕಾಡಿದ್ದು ಹಿಂದಿನ ಅಧ್ಯಾಯ. ಅಲ್ಲಿ ಹಕ್, ಜಿಮ್‌ನನ್ನು ಹಿಡಿದುಕೊಡಲು ಬರೆದ ಪತ್ರವನ್ನು ಹರಿದುಹಾಕಿ, ಬೇಕಾದರೆ ನರಕಕ್ಕೇ ಹೋಗುತ್ತೇನೆ ಎಂದು ತೀರ್ಮಾನಿಸಿದ್ದಾನೆ. ಅಷ್ಟು ದೊಡ್ಡ ಮನಸ್ಸು ಮಾಡಿದವನು ಮರು ಅಧ್ಯಾಯದಲ್ಲೇ ಹೀಗೆ ಹೇಳಬಹುದೇ? ಅತ್ತೆ ನಂಬಲೆಂದು ಹೂಡಿದ ಉಪಾಯ ಎನ್ನಬಹುದು. ಆದರೆ ನನಗನ್ನಿಸುವುದು, ಮನಸ್ಸು ಬದಲಾದಷ್ಟು ಬೇಗ ನಾಲಿಗೆ ಬದಲಾಗುವುದಿಲ್ಲ. ಕಾನೂನು ಹೋಗಿ 20 ವರ್ಷವಾದ ಮೇಲೂ ಈ ಪುಸ್ತಕ ಬೇಕಾದದ್ದು ಅದಕ್ಕೇ ಇರಬೇಕು. ಹಕ್ ಹೇಳಿದ್ದಾದರೂ ಸುಳ್ಳು, ಅಲ್ಲಿ ಹಡಗೇ ಸಿಡಿದಿರಲಿಲ್ಲ. ನನ್ನ ಕಥೆಯಲ್ಲಿ ನಿಜವಾಗಿಯೂ ಒಬ್ಬ ಮನುಷ್ಯ ಬಿದ್ದಿದ್ದ.

ಟ್ವೇನ್ 1896ರಲ್ಲಿ ಮುಂಬಯಿಗೆ ಬಂದಿದ್ದ. ಹೋಟೆಲಿನ ಕೋಣೆಯಲ್ಲಿ ಜರ್ಮನಿಯವನೊಬ್ಬ, ಏನು ತಪ್ಪಾಯಿತೆಂದೂ ಹೇಳದೆ, ಆಳಿನ ದವಡೆಗೆ ಬಾರಿಸಿದ್ದನ್ನು ನೋಡಿದ. ಆಳು ತುಟಿಪಿಟಕ್ಕೆನ್ನಲಿಲ್ಲ. ಆ ಕ್ಷಣ ತನ್ನ ಬಾಲ್ಯದ ಊರು ಕಣ್ಮುಂದೆ ಬಂತೆಂದು ಮರುವರ್ಷದ ಪ್ರವಾಸ ಕಥನದಲ್ಲಿ ಬರೆದ. ಅಲ್ಲಿ ಒಬ್ಬ, ಕೆಲಸ ಸರಿಯಾಗಿ ಮಾಡಲಿಲ್ಲವೆಂದು ಗುಲಾಮನೊಬ್ಬನತ್ತ ಕಬ್ಬಿಣದ ಅದಿರಿನ ಗಟ್ಟಿ ಎಸೆದಿದ್ದ. ಅವನು ಗಂಟೆಯೊಳಗೆ ಸತ್ತ. ಊರಿನಲ್ಲಿ ಯಾರೂ ಅದನ್ನು ಒಪ್ಪಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ.

ಮರುದಿನ ಕೆಳಗಿಳಿದು ಹೋದೆ. ಮುರಿದ ಬಿದಿರು ಜೋಡಿಸುತ್ತಿದ್ದ ಹುಡುಗನನ್ನು ಹಿಂದಿಯಲ್ಲಿ ಕೇಳಿದೆ. ಅವನು ಪಕ್ಕದವನತ್ತ ತಿರುಗಿ, “ಏನಂತ ಹೇಳ್ಲೋ ಇವ್ರಿಗಿ?” ಎಂದ. ಯಾದಗಿರಿ ಕಡೆಯವರು. ನಾನು ಕನ್ನಡದಲ್ಲಿ ಕೇಳಿದ ಮೇಲೆ, “ಕಾಲು ಮುರದೈತ್ರಿ ಸರ. ಊರಿಗಿ ಕಳಿಸೀವ್ರಿ” ಎಂದ. ಮೂರು ವಾರ ನನ್ನ ಕಿಟಕಿಯಾಚೆ ಕನ್ನಡ ಮಾತಾಡಿಕೊಂಡೇ ಬಣ್ಣ ಹೊಡೆದಿದ್ದರು. ಧೂಳು ಬರುತ್ತದೆಂದು ನಾನು ಕಿಟಕಿ ಮುಚ್ಚಿಕೊಂಡಿದ್ದೆ.

ಸೊಸೈಟಿ ಸಭೆಯಲ್ಲಿ ಆಸ್ಪತ್ರೆ ಖರ್ಚಿನ ಮಾತೆತ್ತಿದೆ. ಅದು ಕಂಟ್ರಾಕ್ಟರನ ಜವಾಬ್ದಾರಿ ಎಂದರು. ಕೆಲವರು ದುಡ್ಡು ಕೊಟ್ಟರು, ಹುಡುಗರ ಕೈಲಿ ಕಳಿಸಿದೆವು. ಅಸೈನ್‌ಮೆಂಟ್‌ನಲ್ಲಿ ಎರಡು ಕಾಲಂಗಳನ್ನು ಬಿಟ್ಟು, ಸ್ಯಾಲಿ ಅತ್ತೆಯ ಪ್ರಸಂಗ ಒಂದನ್ನೇ ಬರೆದೆ.

ಆ ಭಾನುವಾರ ಅಮ್ಮನಿಗೆ ಫೋನ್ ಮಾಡಿ, ಅವತ್ತು ನಾನು ಹೇಳಿದ್ದು ತಪ್ಪು, ಒಬ್ಬನಿಗೆ ಕಾಲು ಮುರಿದಿತ್ತು, ನಮ್ಮ ಯಾದಗಿರಿಯವನು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಮಕ್ಕಳಿದಾವಂತೇನೋ?” ಎಂದು ಕೇಳಿದಳು.

ನಾನು ಅದನ್ನು ಕೇಳಿಕೊಂಡಿರಲಿಲ್ಲ.