ರನ್ನಿಂಗ್ ಅಂತಿದೆ, ಒಳಗೆ ಮಾತ್ರ ಬಿಡ್ತಿಲ್ಲ!

ಲಿನಕ್ಸ್ ಸರ್ವರ್‌ನಲ್ಲಿ ಒಂದು ಸರ್ವಿಸ್ 'ರನ್ನಿಂಗ್' ಅಂತ ಹಸಿರು ಅಕ್ಷರದಲ್ಲಿ ತೋರಿಸುತ್ತಿದ್ದರೂ ಅದು ಅರ್ಧ ಸತ್ತಿರಬಹುದು. ನಂಬಿಕೆ ಬರದಿದ್ದರೆ ಮುಂದೆ ಓದಿ.

2024ರ ಡಿಸೆಂಬರ್‌ನ ಒಂದು ಭಾನುವಾರ. ಹಿಂಜವಾಡಿಯ ನಮ್ಮ ಆಫೀಸಿನಲ್ಲಿ ನಾನು ಮತ್ತು ವಿಜಯಪುರದ ಕಡೆಯ ಒಬ್ಬ ಹುಡುಗ, ಇಬ್ಬರೇ. (ಭಾನುವಾರದ ಡ್ಯೂಟಿಯ ಒಂದೇ ಸುಖ ಅಂದರೆ ವಾಕಡ್ ಸೇತುವೆ ಹತ್ತಿರ ಟ್ರಾಫಿಕ್ ಇರೋದಿಲ್ಲ!) ಗುತ್ತಿಗೆ ಕೆಲಸಗಾರರ ಸಂಬಳದ ಫೈಲು ಸೋಮವಾರ ಬೆಳಗ್ಗೆ ಎಸ್‌ಎಫ್‌ಟಿಪಿಯಲ್ಲಿ ನಮ್ಮ ಸರ್ವರ್‌ಗೆ ಬಂದು, ಅಲ್ಲಿಂದ ಬ್ಯಾಂಕಿಗೆ ಹೋಗಬೇಕು. ಮಧ್ಯಾಹ್ನದಿಂದ ಯಾರು ಕನೆಕ್ಟ್ ಮಾಡಿದರೂ ಕ್ಷಣದಲ್ಲೇ ಕಟ್.

ಹುಡುಗನ ಪರದೆಯಲ್ಲಿ ಬೆಳಗ್ಗೆ ತೆರೆದಿದ್ದ ಒಂದು ಎಸ್‌ಎಸ್‌ಎಚ್ ವಿಂಡೋ ಮಾತ್ರ ಜೀವಂತ. "ಸರ್ರ, ಇದನ್ನ ಮುಚ್ಚಿ ಮತ್ತ ಲಾಗಿನ್ ಆಗಿ ನೋಡ್ಲೇನ್ರಿ?" ಅಂದ.

"ಮುಚ್ಚಬ್ಯಾಡೋ ತಮ್ಮಾ! ಮೊದಲ ಮೌಸ್ ಮ್ಯಾಲಿಂದ ಕೈ ತಗಿ!"

ಕನ್ಸೋಲ್ ಪಾಸ್‌ವರ್ಡ್ ಇಟ್ಟುಕೊಂಡವರು ಸೋಮವಾರ ಹತ್ತಕ್ಕೆ ಬರೋರು. ಒಳಗೆ ಹೋಗಲು ನಮಗೆ ಉಳಿದಿದ್ದ ಬಾಗಿಲು ಅದೊಂದೇ.

ಆ ವಿಂಡೋದಲ್ಲೇ ಲಾಗ್ ನೋಡಿದೆವು. ಓಪನ್‌ಎಸ್‌ಎಸ್‌ಎಲ್ ವರ್ಷನ್ ಮಿಸ್‌ಮ್ಯಾಚ್: ಕಟ್ಟಿದ್ದು 30000070ಕ್ಕೆ, ಇರೋದು 30200020. ಅಂದರೆ 3.0.7 ಬೇಕು, ಸಿಕ್ಕಿದ್ದು 3.2.2. ಎಂಟರ್‌ಪ್ರೈಸ್ ಲಿನಕ್ಸ್ 9.4ರಿಂದ 9.5ಕ್ಕೆ ಹೋಗುವಾಗ ಆದ ಬದಲಾವಣೆ ಇದು. ಸೆಕ್ಯುರಿಟಿ ಮೇಲ್‌ನಲ್ಲಿ ಇದ್ದದ್ದು ಓಪನ್‌ಎಸ್‌ಎಸ್‌ಎಲ್ ಹೆಸರು, ಹಾಗಾಗಿ ಯಾರೋ ಪುಣ್ಯಾತ್ಮರು ಅದೊಂದನ್ನೇ ಅಪ್‌ಡೇಟ್ ಮಾಡಿ ಕೈತೊಳೆದುಕೊಂಡಿದ್ದರು. ಓಪನ್‌ಎಸ್‌ಎಸ್‌ಎಚ್ ಹಳೇ 8.7ರಲ್ಲೇ ಕೂತಿತ್ತು.

ಹಾಗಾದರೆ ಪ್ಯಾಕೇಜ್ ಮ್ಯಾನೇಜರ್ ಯಾಕೆ ತಕರಾರು ಎತ್ತಲಿಲ್ಲ? ಅದು ನೋಡೋದು ಲೈಬ್ರರಿಯ ಹೆಸರು. 3.0ಕ್ಕೂ 3.2ಕ್ಕೂ ಹೆಸರು ಒಂದೇ, ಲಿಬ್‌ಕ್ರಿಪ್ಟೊ ಡಾಟ್ ಎಸ್‌ಒ ಡಾಟ್ 3. ಆದರೆ ಹಳೇ ಎಸ್‌ಎಸ್‌ಎಚ್ ಮಡಿವಂತ, ಎರಡನೇ ಅಂಕಿಯೂ ಹೊಂದಬೇಕು ಅಂತ ಹಟ ಹಿಡಿಯುತ್ತದೆ. (ಆಮೇಲಿನ ಆವೃತ್ತಿಗಳು ಈ ಪಟ್ಟು ಸಡಿಲಿಸಿವೆ.)

ನನಗೆ ಮಜಾ ಅನ್ನಿಸೋದು ಆ ಹಸಿರು ಅಕ್ಷರದ ಗುಟ್ಟು. ಮೊದಲೇ ಶುರುವಾಗಿದ್ದ ಪ್ರೋಗ್ರಾಮ್ ಡಿಸ್ಕಿನಿಂದ ಅಳಿಸಿಹೋದ ಹಳೇ ಲೈಬ್ರರಿಯನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿತ್ತು. ಅದಕ್ಕೇ ಸರ್ವಿಸ್ 'ರನ್ನಿಂಗ್', ಅದಕ್ಕೇ ಹುಡುಗನ ವಿಂಡೋ ಕೂಡ ಬದುಕಿತ್ತು. ಪ್ರತಿ ಹೊಸ ಕನೆಕ್ಷನ್‌ಗೆ ಎಸ್‌ಎಸ್‌ಎಚ್ ತನ್ನನ್ನೇ ಹೊಸದಾಗಿ ಶುರುಮಾಡುತ್ತೆ. ಆಗ ಡಿಸ್ಕಿನ ಹೊಸ ಲೈಬ್ರರಿ ಎದುರಾಗುತ್ತೆ, ಸಾಯುತ್ತೆ. ಅಕಸ್ಮಾತ್ ರೀಸ್ಟಾರ್ಟ್ ಕೊಟ್ಟಿದ್ದರೆ ಸರ್ವಿಸ್ ಮತ್ತೆ ಏಳುತ್ತಲೇ ಇರಲಿಲ್ಲ.

ರಿಪೇರಿಗೆ ಎರಡು ನಿಮಿಷ. ಓಪನ್‌ಎಸ್‌ಎಸ್‌ಎಚ್ ಅಪ್‌ಡೇಟ್ ಮಾಡಿ, 'ಎಸ್‌ಎಸ್‌ಎಚ್‌ಡಿ -ಟಿ' ಹೊಡೆದು ಅದು ಸುಮ್ಮನಿದೆ ಅಂತ ಖಾತ್ರಿಯಾದ ಮೇಲೆ ರೀಸ್ಟಾರ್ಟ್. ಇನ್ನೊಂದು ವಿಂಡೋದಲ್ಲಿ ಲಾಗಿನ್ ಬಂದ ನಂತರವೇ ಹಳೆಯದನ್ನು ಮುಚ್ಚಲು ಬಿಟ್ಟೆ. ಅದೇ ಮೇಲ್ ಇನ್ನೂ ಹನ್ನೊಂದು ಸರ್ವರ್‌ಗಳಿಗೂ ಹೋಗಿತ್ತು.